ಸ್ವಿಸ್ ಗಾಡಿ ಟೈಮಿಗೆ ಸರಿಯಾಗಿ ಬರೋದು ದುಡ್ಡಿನಿಂದಲಾ?

ಹಳೇಟೋಕನ್

ಮಗಳ ಬಾಣಂತನಕ್ಕೆ ಅಂತ ಹೋಗಿ ಮೂರು ತಿಂಗಳು ಜ್ಯೂರಿಕ್‌ನಲ್ಲಿದ್ದೆ. ಬಾಣಂತನವೆಲ್ಲ ನಮ್ಮನೆಯವರದ್ದು, ನನಗೇನೂ ಕೆಲಸವಿರಲಿಲ್ಲ. ತಿಂಡಿ ಮುಗಿಸಿ ಸ್ಟೇಷನ್ನಿಗೆ ಹೋಗಿ ಕೂತುಬಿಡ್ತಿದ್ದೆ. ಮೂವತ್ತನಾಲ್ಕು ವರ್ಷ ಸ್ಟೇಷನ್ ಮಾಸ್ಟರಾಗಿದ್ದವನಿಗೆ ಹೊತ್ತು ಕಳೆಯೋಕೆ ಇನ್ನೆಲ್ಲಿ ಗೊತ್ತು?

ಮೊದಲ ದಿನ ನೋಡಿದ್ದು ಅಲ್ಲಿನ ಗಡಿಯಾರ. ಸೆಕೆಂಡಿನ ಮುಳ್ಳು ಕೆಂಪು, ತುದಿಯಲ್ಲಿ ದುಂಡನೆಯ ಬಿಲ್ಲೆ. ಗಾಡಿ ಹೊರಡಿಸೋಕೆ ಎತ್ತಿ ಹಿಡಿಯುವ ಕೈಕೋಲಿನ ಹಾಗೇ ಇದೆ. ಆ ಮುಳ್ಳು ಸುತ್ತು ಬಂದು 12ರ ಮೇಲೆ ನಿಂತುಬಿಡುತ್ತೆ. ಒಂದೂವರೆ ಸೆಕೆಂಡು ಅಲ್ಲಾಡಲ್ಲ. ಆಮೇಲೆ ನಿಮಿಷದ ಮುಳ್ಳು ಟಕ್ ಅಂತ ಒಂದು ಮನೆ ಮುಂದೆ ಹೋಗುತ್ತೆ, ಆಗ ಇದೂ ಹೊರಡುತ್ತೆ. ಗಡಿಯಾರ ಕೆಟ್ಟಿದೆ ಅಂದ್ಕೊಂಡಿದ್ದೆ.

ಇನ್ನೊಂದು ಬರ್ನ್‌ನಲ್ಲಿ ಕಂಡದ್ದು. ಗಂಟೆ ಆಗೋಕೆ ನಾಲ್ಕೈದು ನಿಮಿಷ ಇರುವಾಗ ಎಲ್ಲಾ ದಿಕ್ಕಿನಿಂದ ಗಾಡಿಗಳು ಒಳಗೆ ಬರ್ತವೆ. ಜನ ಇಳಿದು, ನಡೆದು, ಇನ್ನೊಂದು ಗಾಡಿ ಹತ್ತುತ್ತಾರೆ. ಗಂಟೆ ದಾಟಿದ ಕೂಡಲೇ ಒಂದರ ಹಿಂದೊಂದು ಹೊರಡ್ತವೆ, ಪ್ಲಾಟ್‌ಫಾರಂ ಖಾಲಿ. ಕ್ರಾಸಿಂಗ್ ಅಂತ ಪ್ಯಾಸೆಂಜರ್ ಗಾಡೀನ ಲೂಪ್ ಲೈನಿಗೆ ಹಾಕಿ ಮುಕ್ಕಾಲು ಗಂಟೆ ಕೂರಿಸಿದ ಪಾಪ ನನ್ನ ತಲೆ ಮೇಲೂ ಇದೆ. ಹಾಗಾಗಿ ಇದನ್ನು ನೋಡ್ತಾ ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಅಳಿಯಂದಿರನ್ನು ಕೇಳಿದರೆ, "ಮಾವ, ಶ್ರೀಮಂತ ದೇಶ, ದುಡ್ಡಿದೆ, ಮಾಡ್ತಾರೆ" ಅಂದರು. ಅಷ್ಟೇನಾ? ಇತಿಹಾಸ ಗೊತ್ತಿರೋರು ಹೇಳಿ.

ಕಡಲಬದಿಯವ

ಅಷ್ಟೇ ಮಾರಾಯ್ರೆ. ಲೋಕದ ಕಪ್ಪು ಹಣ ಎಲ್ಲ ಅಲ್ಲಿ ಬ್ಯಾಂಕಿನಲ್ಲಿ ಉಂಟು. ಅದರಲ್ಲಿ ರೈಲು ಬಿಟ್ಟರು. ಇದಕ್ಕೆ ಇತಿಹಾಸ ಎಂತ ಬೇಕು?

ಹಾಸನ_ಟು_ವಿಂಟರ್‌ಥೂರ್

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಮೊದಲು ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ಕಥೆ ತಿರುಗಾಮುರುಗಾ ಇದೆ ಸರ್. ಬ್ಯಾಂಕಿನಿಂದ ರೈಲು ಹುಟ್ಟಲಿಲ್ಲ, ರೈಲಿಗೋಸ್ಕರ ಬ್ಯಾಂಕು ಹುಟ್ಟಿತು.

ದೇಶದೊಳಗಿನ ಮೊದಲ ಲೈನು 1847ರದ್ದು. ಜ್ಯೂರಿಕ್‌ನಿಂದ ಬಾಡೆನ್‌ಗೆ, ಸುಮಾರು 23 ಕಿ.ಮೀ. ಬಾಡೆನ್‌ನಲ್ಲಿ ಪದರ ಪದರದ ಒಂದು ತಿನಿಸು ಸಿಗ್ತಿತ್ತು, 'ಸ್ಪ್ಯಾನಿಶ್ ಬ್ರೋಟ್ಲಿ' ಅಂತ. ಭಾನುವಾರ ಬೆಳಿಗ್ಗೆ ಅದು ಬಿಸಿಬಿಸಿಯಾಗಿ ಬೇಕು ಅಂತ ಜ್ಯೂರಿಕ್‌ನ ಸಾಹುಕಾರರು ಆಳುಗಳನ್ನು ರಾತ್ರಿಯೇ ನಡೆಸಿ ಕಳಿಸ್ತಿದ್ದರಂತೆ. ರೈಲು ಬಂದ ಮೇಲೆ ಆಳುಗಳು ರೈಲಿನಲ್ಲಿ ಹೋಗಿ ಬಂದರು, ಗಾಡಿಗೇ ಆ ತಿಂಡಿ ಹೆಸರು ಅಂಟಿಕೊಂಡಿತು. ನಮ್ಮ ಮದ್ದೂರಿನಲ್ಲಿ ರೈಲಿನಿಂದ ವಡೆಗೆ ಹೆಸರು ಬಂತು, ಇಲ್ಲಿ ತಿಂಡಿಯಿಂದ ರೈಲಿಗೆ!

ಆಮೇಲೆ ಏಳು ವರ್ಷ ಹೇಳಿಕೊಳ್ಳುವಂಥ ಇನ್ನೊಂದು ಲೈನಿಲ್ಲ. ಸುತ್ತಲೂ ಫ್ರಾನ್ಸ್, ಜರ್ಮನ್ ರಾಜ್ಯಗಳು ಹಳಿ ಹಾಕ್ತಾ ಇದ್ದವು. ಇದು ಬಡ ದೇಶ, ಹಳ್ಳಿಗಳಿಂದ ಜನ ಅಮೆರಿಕಕ್ಕೆ ಗುಳೆ ಹೋಗ್ತಿದ್ದ ಕಾಲ. 1847ರಲ್ಲೇ ಕ್ಯಾಂಟನ್‌ಗಳು (ನಮ್ಮ ರಾಜ್ಯಗಳಿದ್ದ ಹಾಗೆ) ತಮ್ಮತಮ್ಮಲ್ಲೇ ಯುದ್ಧ ಮಾಡಿದ್ದವು. 1848ರಲ್ಲಿ ಸಂವಿಧಾನ ಬಂತು. ಸರ್ಕಾರವೇ ರೈಲು ಕಟ್ಟಲಿ ಅನ್ನೋ ಆಲೋಚನೆಯಿಂದ ಇಂಗ್ಲೆಂಡಿನ ರಾಬರ್ಟ್ ಸ್ಟೀಫನ್‌ಸನ್‌ನನ್ನು ಕರೆಸಿ ಸಲಹೆಯನ್ನೂ ಕೇಳಿದರು. ಆದರೆ 1852ರಲ್ಲಿ ಪಾರ್ಲಿಮೆಂಟು ರೈಲನ್ನು ಖಾಸಗಿ ಕಂಪನಿಗಳಿಗೆ, ಕ್ಯಾಂಟನ್‌ಗಳಿಗೆ ಬಿಟ್ಟಿತು. ಹಾಗೆ ಬಿಡಿಸಿದವರಲ್ಲಿ ಮುಂದಿದ್ದವನು ಆಲ್ಫ್ರೆಡ್ ಎಶರ್.

ಎಶರ್ ರೈಲ್ವೆ ಕಂಪನಿ ಕಟ್ಟಿದ. ಇಂಜಿನಿಯರುಗಳು ಬೇಕಿತ್ತು, 1855ರಲ್ಲಿ ಜ್ಯೂರಿಕ್‌ನಲ್ಲಿ ಪಾಲಿಟೆಕ್ನಿಕ್ ಶುರುವಾಯಿತು, ಅದರ ಹಿಂದೆಯೂ ಇವನೇ. ಈಗಿನ ಇಟಿಎಚ್ ಅದು, ಐನ್‌ಸ್ಟೈನ್ ಓದಿದ್ದು ಅಲ್ಲೇ. ಬಂಡವಾಳ ವಿದೇಶಿ ಬ್ಯಾಂಕುಗಳ ಕೈಯಲ್ಲಿರೋದು ಬೇಡ ಅಂತ 1856ರಲ್ಲಿ ಸ್ವಂತ ಬ್ಯಾಂಕು ತೆಗೆದ. ಅದೇ ಮುಂದೆ ಕ್ರೆಡಿಟ್ ಸ್ವಿಸ್ ಆಯಿತು. 2023ರಲ್ಲಿ ಆ ಬ್ಯಾಂಕು ಮುಳುಗಿ ಯುಬಿಎಸ್ ಹೊಟ್ಟೆ ಸೇರಿತು, ಗೊತ್ತಲ್ಲ? ಅದನ್ನು ಹುಟ್ಟಿಸಿದ ರೈಲು ಮಾತ್ರ ಓಡ್ತಾನೇ ಇದೆ.

ಜ್ಯೂರಿಕ್ ಸ್ಟೇಷನ್ ಮುಂದಿನ ಕಾರಂಜಿ ಮೇಲೆ ಒಂದು ಪ್ರತಿಮೆ ನೋಡಿರ್ತೀರಿ. ಅದು ಇವನದ್ದೇ.

ಹಳೇಟೋಕನ್

ನೋಡಿದ್ದೀನಮ್ಮ. ಅದರ ಬುಡದಲ್ಲೇ ಕೂತು ಎಷ್ಟೋ ದಿನ ಚಪಾತಿ ಪಲ್ಯ ತಿಂದಿದ್ದೀನಿ. ಯಾರೋ ದೊರೆ ಇರಬೇಕು ಅಂದ್ಕೊಂಡಿದ್ದೆ.

ಗ್ಯಾಂಗ್‌ಮನ್‌ಮಗ

ಎಶರ್ ಕಥಿ ಕೇಳಿದ್ವಿ. ಕಲ್ಲ ಒಡದಾವ್ರ ಕಥಿನೂ ಸ್ವಲ್ಪ ಕೇಳ್ರಿ. ನಮ್ಮ ಅಪ್ಪ ಕ್ಯಾಸಲ್ ರಾಕ್ ಘಾಟಿನ್ಯಾಗ ಗ್ಯಾಂಗ್‌ಮನ್ ಇದ್ದ. ಸುರಂಗ ಅಂದ್ರ ಏನಂತ ನನಗ ಸಣ್ಣಾವಿದ್ದಾಗಿಂದ ಗೊತ್ತೈತಿ. ಅದಕ್ಕ ಗಾಟ್‌ಹಾರ್ಡ್ ಸುರಂಗದ ಬಗ್ಗೆ ಸಿಕ್ಕದ್ದೆಲ್ಲಾ ಓದೇನಿ.

ಆಲ್ಪ್ಸ್ ಗುಡ್ಡದ ಹೊಟ್ಟ್ಯಾಗ 15 ಕಿ.ಮೀ. ಕೊರಿಯೂದು. ಬಡಗಣ ಬಾಯಿ ಗೋಶೆನೆನ್, ತೆಂಕಣ ಬಾಯಿ ಐರೋಲೊ. 1872ಕ್ಕ ಕೆಲಸಾ ಸುರು. ಗುತ್ತಿಗಿ ಹಿಡದಾಂವ ಜಿನೀವಾದ ಲೂಯಿ ಫಾವ್ರ್, ಎಂಟ ವರ್ಷದಾಗ ಮುಗಸ್ತೇನಿ ಅಂತ ಬರದ ಕೊಟ್ಟಿದ್ದ, ತಡಾ ಆದ್ರ ದಿನದ ಲೆಕ್ಕದಾಗ ದಂಡ. ಕೆಲಸಗಾರ್ರು ಬಹುತೇಕ ಇಟಲಿ ಬಡವ್ರು. ಗಾಳಿ ಒತ್ತಡದ ಡ್ರಿಲ್ಲು, ಡೈನಮೈಟು. ಒಳಗ ಸೆಖಿ 30 ಡಿಗ್ರಿ ಮ್ಯಾಲ, ಸಿಡಿಸಿದ ಹೊಗಿ ಹೊರಗ ಹೋಗೂದಿಲ್ಲ, ಮೊಳಕಾಲ ಮಟಾ ನೀರು, ಸಂಡಾಸಕ್ಕ ಜಾಗಾ ಇಲ್ಲ. ಆ ಕೆಸರಿನ್ಯಾಗ ಕೊಕ್ಕಿಹುಳಾ ಬೆಳದು, ಕೆಲಸಗಾರ್ರ ಕರಳ ಸೇರಿ ರಗತ ಹೀರಿದ್ವು. ಮಾರಿ ಬಿಳುಪಾಗಿ ಬಿದ್ದ ಬಿದ್ದ ಸತ್ರು. ಕೊಕ್ಕಿಹುಳದಿಂದ ಹಿಂಗ ರಗತ ಕಡಿಮಿ ಆಗ್ತೈತಿ ಅಂತ ಯುರೋಪಿನ ಡಾಕ್ಟರಗೋಳು ಗಟ್ಟಿಯಾಗಿ ಕಲತದ್ದು ಈ ಸುರಂಗದ ಮಂದಿಯಿಂದ.

1875ರ ಜುಲೈದಾಗ ಗೋಶೆನೆನ್‌ನ್ಯಾಗ ಕೆಲಸಗಾರ್ರು ಹೊಗಿಯೊಳಗ ಹೋಗೂದಿಲ್ಲ ಅಂತ ಕುಂತ್ರು. ಊರಿ ಕ್ಯಾಂಟನ್ನಿನ ಪಡಿ ಬಂದು ಗುಂಡ ಹಾರಿಸಿತು. ನಾಲ್ಕ ಮಂದಿ ಸತ್ರು. ಒಟ್ಟ ಕೆಲಸ ಮುಗಿಯೂದ್ರಾಗ ಅಪಘಾತಕ್ಕ ಸತ್ತವ್ರು ಇನ್ನೂರರ ಹತ್ತಿರ. ಬ್ಯಾನಿ ಹತ್ತಿ ಊರಿಗೆ ಹೋಗಿ ಸತ್ತವ್ರ ಲೆಕ್ಕಾ ಯಾರೂ ಇಟ್ಟಿಲ್ಲ.

ಫಾವ್ರ್ ಸುದ್ದಾ 1879ರಾಗ ಸುರಂಗದಾಗ ಕುಸದ ಬಿದ್ದ ಸತ್ತ. ಮುಂದಿನ ವರ್ಷ ಫೆಬ್ರವರಿ ಕಡೀಕ ಎರಡೂ ಕಡೆಯವ್ರು ಕೂಡಿದ್ರು. ಅಡ್ಡಕ್ಕ 33 ಸೆಂ.ಮೀ., ಎತ್ತರದಾಗ 5 ಸೆಂ.ಮೀ. ಇಷ್ಟ ಫರಕು! ಮೊದಲ ತೂತಿನೊಳಗಿಂದ ಆ ಕಡಿಯಿಂದ ಈ ಕಡಿಗೆ ಮೊದಲ ದಾಟಿಸಿದ್ದು ಒಂದು ತಗಡಿನ ಡಬ್ಬಿ, ಅದರಾಗ ಸತ್ತ ಫಾವ್ರ್‌ನ ಫೋಟೋ.

ಮೊದಲಬೆಂಚು

ಆ ಡಬ್ಬಿ ವಿಷಯ ಓದಿ ಸುಮ್ಮನಾಗಿಬಿಟ್ಟೆ ಅಣ್ಣ.

ಕಡಲಬದಿಯವ

ಅಲ್ಲ, ಹಾಗಾದರೆ ಬೆವರು ಇಟಲಿಯದ್ದು. ದುಡ್ಡು ಯಾರದ್ದು? ನಾನೂ ಈಗ ಸ್ವಲ್ಪ ಹುಡುಕಿ ಬಂದೆ. ಗಾಟ್‌ಹಾರ್ಡ್ ಲೈನಿಗೆ ಸರ್ಕಾರಗಳು ಕೊಡ್ತೇವೆ ಹೇಳಿ ಒಪ್ಪಿದ್ದು 8.5 ಕೋಟಿ ಫ್ರಾಂಕ್. ಅದರಲ್ಲಿ ಇಟಲಿಯದ್ದೇ 4.5 ಕೋಟಿ, ಜರ್ಮನಿಯದ್ದು 2 ಕೋಟಿ, ಸ್ವಿಸ್‌ನವರದ್ದು ಬಾಕಿ 2. ಬೆವರು ಹೊರಗಿನದ್ದು, ದುಡ್ಡು ಹೊರಗಿನದ್ದು. ಪ್ರತಿಮೆ ಮಾತ್ರ ಊರಿನದ್ದು!

ಹಾಸನ_ಟು_ವಿಂಟರ್‌ಥೂರ್

ನಿಮ್ಮ ಅಂಕಿ ಸರಿ. ಒಂದು ಸೇರಿಸ್ತೀನಿ. ಖರ್ಚು ಅಂದಾಜು ಮೀರಿ ಕಂಪನಿ ದಿವಾಳಿ ಅಂಚಿಗೆ ಬಂದಾಗ ಬೈಗುಳ ಎಲ್ಲ ಎಶರ್ ತಲೆಗೆ ಬಂತು. 1878ರಲ್ಲಿ ಅವನು ಕುರ್ಚಿ ಬಿಡಬೇಕಾಯಿತು. ಸುರಂಗ ಕೂಡಿದ ದಿನದ ಸಂಭ್ರಮಕ್ಕೆ ಅವನನ್ನು ಕರೆಯಲೇ ಇಲ್ಲ. 1882ರ ಉದ್ಘಾಟನೆಗೆ ಕರೆ ಬಂದಾಗ ಹಾಸಿಗೆ ಹಿಡಿದಿದ್ದ, ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡ.

ಹಿಸ್ಟರಿಮೇಷ್ಟ್ರು

ಹಳೇಟೋಕನ್ ಅವರ ಪ್ರಶ್ನೆಗೆ ಉತ್ತರ ಗಾಟ್‌ಹಾರ್ಡ್‌ನಲ್ಲಿ ಅರ್ಧ ಮಾತ್ರ ಇದೆ. ಇನ್ನರ್ಧ 1898ರ ಫೆಬ್ರವರಿ 20ರಲ್ಲಿದೆ.

ಖಾಸಗಿ ಕಂಪನಿಗಳ ಕಾಲದಲ್ಲಿ ಒಂದೇ ಕಣಿವೆಗೆ ಎರಡೆರಡು ಲೈನು, ಇನ್ನೊಂದು ಕಣಿವೆಗೆ ಒಂದೂ ಇಲ್ಲ. ಕಂಪನಿಗಳು ಬೀಳೋದು, ಏಳೋದು. 1891ರಲ್ಲಿ ಬಾಸೆಲ್ ಹತ್ತಿರ ಮ್ಯುನ್ಶೆನ್‌ಸ್ಟೈನ್‌ನಲ್ಲಿ ತುಂಬಿದ ಗಾಡಿಯ ಕೆಳಗೆ ಸೇತುವೆ ಮುರಿದು ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ಸೇತುವೆ ಕಟ್ಟಿದ್ದು ಪ್ಯಾರಿಸ್ ಗೋಪುರದ ಐಫೆಲ್ ಅವರ ಕಂಪನಿ. 1897ರಲ್ಲಿ ಎಶರ್ ಕಟ್ಟಿದ ಕಂಪನಿಯಲ್ಲೇ ನೌಕರರು ಸಂಬಳಕ್ಕಾಗಿ ಮುಷ್ಕರ ಹೂಡಿದರು. ಷೇರುಗಳು ಬಹುಪಾಲು ಹೊರದೇಶದವರ ಕೈಯಲ್ಲಿವೆ ಎಂಬ ಸಿಟ್ಟು ಬೇರೆ. 'ಸ್ವಿಸ್ ರೈಲು ಸ್ವಿಸ್ ಜನಕ್ಕೆ' ಎಂಬ ಘೋಷಣೆ ಎದ್ದಿತು. ರೈಲ್ವೆಯನ್ನು ಸರ್ಕಾರ ಕೊಂಡುಕೊಳ್ಳಬೇಕೋ ಬೇಡವೋ ಎಂದು ಜನಮತ ಹಾಕಿದಾಗ, ಮೂರರಲ್ಲಿ ಎರಡು ಪಾಲಿಗಿಂತ ಸ್ವಲ್ಪ ಹೆಚ್ಚು ಮತ 'ಹೌದು' ಎಂದಿತು. ಅಲ್ಲಿಂದ ಹುಟ್ಟಿದ್ದು ಸ್ವಿಸ್ ಸರ್ಕಾರಿ ರೈಲ್ವೆ, ಎಸ್‌ಬಿಬಿ. 1902ರಲ್ಲಿ ಕೆಲಸ ಶುರು, ಗಾಟ್‌ಹಾರ್ಡ್ ಕಂಪನಿ ಸೇರಿದ್ದು 1909ರಲ್ಲಿ.

ಆಮೇಲೆ ಕಲ್ಲಿದ್ದಲು. ಸ್ವಿಟ್ಜರ್ಲೆಂಡಿನಲ್ಲಿ ಹೇಳಿಕೊಳ್ಳುವಷ್ಟು ಕಲ್ಲಿದ್ದಲಿಲ್ಲ, ಹೆಚ್ಚಿನದು ಜರ್ಮನಿಯಿಂದ ಬರಬೇಕು. ಮೊದಲ ಮಹಾಯುದ್ಧದಲ್ಲಿ ಅದು ನಿಂತುಹೋಗುವ ಹಾಗಾಯಿತು. ಕೊನೆಕೊನೆಗೆ ಭಾನುವಾರದ ಗಾಡಿಗಳನ್ನೇ ಬಹುತೇಕ ರದ್ದು ಮಾಡಿದ್ದರು. ಇರೋದು ಏನು? ಬೆಟ್ಟದ ಮೇಲಿನ ನೀರು. ರಿಟೋಮ್ ಸರೋವರದ ನೀರಿನಿಂದ ವಿದ್ಯುತ್ ತೆಗೆದು 1920ರಲ್ಲಿ ಗಾಟ್‌ಹಾರ್ಡ್ ಬೆಟ್ಟದ ಭಾಗಕ್ಕೆ ತಂತಿ ಎಳೆದರು. ಎರಡೇ ವರ್ಷದಲ್ಲಿ ಲೂಸರ್ನ್‌ನಿಂದ ಇಟಲಿ ಗಡಿವರೆಗೂ ವಿದ್ಯುತ್ ಗಾಡಿ. ಇದು ಪರಿಸರ ಪ್ರೀತಿಯಿಂದ ಆದದ್ದಲ್ಲ. ಕೈಯಲ್ಲಿ ಕಲ್ಲಿದ್ದಲಿಲ್ಲದ ಸಂಕಟದಿಂದ ಆದದ್ದು. ಎರಡನೇ ಯುದ್ಧದಲ್ಲಂತೂ ಎರಡು ಶಂಟಿಂಗ್ ಉಗಿಬಂಡಿಗಳ ತಲೆ ಮೇಲೆ ಪ್ಯಾಂಟೋಗ್ರಾಫ್ (ತಂತಿಯಿಂದ ಕರೆಂಟು ತೆಗೆದುಕೊಳ್ಳುವ ಚೌಕಟ್ಟು) ಕೂರಿಸಿ, ತಂತಿಯ ಕರೆಂಟಿನಿಂದ ಬಾಯ್ಲರ್ ನೀರು ಕಾಯಿಸಿ ಓಡಿಸಿದ್ದರು. ನಮ್ಮ ಗೀಸರ್ ಥರ!

ಹಳೇಟೋಕನ್

ಮೇಷ್ಟ್ರೇ, ಗೀಸರ್ ಇಂಜಿನ್ ಕೇಳಿ ನಗು ತಡೆಯೋಕಾಗ್ಲಿಲ್ಲ.

ಗಾಟ್‌ಹಾರ್ಡ್ ಇಂಜಿನ್ ಅಂದರೆ 'ಮೊಸಳೆ' ಅಲ್ವಾ? ಮುಂದೊಂದು ಮೂತಿ, ಹಿಂದೊಂದು ಮೂತಿ, ನಡುವೆ ಮನೆ. ಮೂರು ತುಂಡು ಸೇರಿಸಿ ಮಾಡಿದ್ದರಿಂದ ತಿರುವಿನಲ್ಲಿ ಬಳುಕುತ್ತೆ. ಇಳಿಜಾರಿನಲ್ಲಿ ಬ್ರೇಕು ಹಿಡಿದಾಗ ತಾನೇ ಕರೆಂಟು ಮಾಡಿ ತಂತಿಗೆ ವಾಪಸ್ಸು ಕೊಡೋದು ಅದರ ಹೆಚ್ಚುಗಾರಿಕೆ. ಅಲ್ಲಿನ ಏರು ಸುಮಾರು 37ಕ್ಕೆ 1, ಅಂದರೆ 37 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿ 50ಕ್ಕೆ 1, ಅದಕ್ಕೇ ಹಿಂದಿನಿಂದ ತಳ್ಳೋಕೆ ಬ್ಯಾಂಕರ್ ಇಂಜಿನ್ ಕಟ್ಟಿ ನಾವು ಪಡೋ ಪಾಡು ನಮಗೇ ಗೊತ್ತು.

ಈ ಮೊಸಳೆಯ ಅಣ್ಣತಮ್ಮಂದಿರು ನಮ್ಮಲ್ಲೂ ಇದ್ದರು. 1928ರ ಹೊತ್ತಿಗೆ ಮುಂಬೈ-ಪುಣೆ ಘಾಟಿಗೆ ಅಂತ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ತರಿಸಿದ ಇಂಜಿನ್ನು, ಡಬ್ಲ್ಯುಸಿಜಿ-1. ಮೊದಮೊದಲಿನವು ತಯಾರಾಗಿದ್ದು ವಿಂಟರ್‌ಥೂರ್‌ನಲ್ಲೇ. ಮರಾಠಿಯವರು ಅದನ್ನು 'ಖೇಕ್ಡಾ', ಅಂದರೆ ಏಡಿ, ಅಂತಿದ್ದರು. 80ರ ದಶಕದಲ್ಲಿ ಮುಂಬೈ ವಿ.ಟಿ. ಯಾರ್ಡಿನಲ್ಲಿ ಶಂಟಿಂಗ್ ಮಾಡ್ತಿದ್ದುದನ್ನು ಕಣ್ಣಾರೆ ಕಂಡಿದ್ದೀನಿ, ನರಳೋ ಸದ್ದು ಈಗಲೂ ಕಿವಿಯಲ್ಲಿದೆ. ಊಟಿ ರೈಲಿನ ಹಳೆಯ ಹಲ್ಲುಪಟ್ಟಿ ಇಂಜಿನ್ನುಗಳೂ ವಿಂಟರ್‌ಥೂರ್‌ನವೇ. ಅಮ್ಮಾ, ನೀನು ಆ ಊರಿನಲ್ಲೇ ಇದ್ದೀಯ!

ಹಾಸನ_ಟು_ವಿಂಟರ್‌ಥೂರ್

ಆ ಕಾರ್ಖಾನೆ ಜಾಗದಲ್ಲಿ ಈಗ ಆಫೀಸು, ಫ್ಲಾಟುಗಳಿವೆ ಸರ್. ದಿನಾ ಅದರ ಮುಂದೆಯೇ ಹಾದು ಹೋಗ್ತೀನಿ, ಊಟಿ ಗಾಡಿ ಇಲ್ಲಿಂದ ಬಂತು ಅಂತ ಇವತ್ತೇ ಗೊತ್ತಾಗಿದ್ದು.

ಮೇಷ್ಟ್ರ ಮಾತಿಗೆ ಒಂದು ತಕರಾರು. 'ಜನ' ಹೌದು ಅಂದರು ಅಂದಿರಿ. 1898ರಲ್ಲಿ ಮತ ಇದ್ದದ್ದು ಗಂಡಸರಿಗೆ ಮಾತ್ರ. ದೇಶದ ಮಟ್ಟದಲ್ಲಿ ಹೆಂಗಸರಿಗೆ ಮತ ಸಿಕ್ಕಿದ್ದು 1971ರಲ್ಲಿ! ನಮ್ಮಜ್ಜಿ ಹಾಸನದಲ್ಲಿ 1952ರಲ್ಲೇ ವೋಟು ಹಾಕಿದ್ದರು. ಇಲ್ಲಿನ ನನ್ನ ಪಕ್ಕದ ಮನೆಯ ಅಜ್ಜಿ ಮೊದಲ ಸಲ ವೋಟು ಹಾಕಿದಾಗ ಅವರಿಗೆ ಎರಡು ಮಕ್ಕಳಿದ್ದವು.

ಗಂಡಸರೇ ವೋಟು ಹಾಕಿದ ಇನ್ನೊಂದು ಕಥೆ ಇದೆ, ಮಜವಾಗಿದೆ. ಗ್ರಾಬ್ಯುಂಡೆನ್ ಕ್ಯಾಂಟನ್ 1900ರಲ್ಲಿ ಕಾರನ್ನೇ ನಿಷೇಧಿಸಿತು. ಧೂಳು, ಗದ್ದಲ, ಹೆದರೋ ಕುದುರೆಗಳು. ಜೊತೆಗೆ ಸಾಲ ಮಾಡಿ ಕಟ್ಟಿದ ತಮ್ಮ ಗುಡ್ಡದ ರೈಲಿಗೆ ಕಾರು ಪೈಪೋಟಿ ಅನ್ನೋ ಲೆಕ್ಕ. ಮತ್ತೆ ಮತ್ತೆ ಮತಕ್ಕೆ ಹಾಕಿದರು, ಜನ ಮತ್ತೆ ಮತ್ತೆ 'ಬೇಡ' ಅಂದರು. ಹೊರಗಿನಿಂದ ಬಂದ ಸಾಹುಕಾರರು ಗಡಿಯಲ್ಲಿ ಇಂಜಿನ್ ಆರಿಸಿ, ಕಾರಿಗೆ ಕುದುರೆ ಕಟ್ಟಿ ಎಳೆಸಿಕೊಂಡು ಹೋಗಬೇಕಿತ್ತು. ನಿಷೇಧ ಹೋಗಿದ್ದು 1925ರಲ್ಲಿ, ಅದೂ ಕೂದಲೆಳೆ ಅಂತರದಲ್ಲಿ.

ಕಡಲಬದಿಯವ

ಕುದುರೆ ಕಟ್ಟಿದ ಕಾರು ಒಳ್ಳೆ ಉಂಟು. ಆದರೆ ಇಷ್ಟು ಹೊಗಳಿದರೆ ನನಗೆ ಆಗುವುದಿಲ್ಲ. ಎರಡನೇ ಯುದ್ಧದಲ್ಲಿ ಇದೇ ಗಾಟ್‌ಹಾರ್ಡ್‌ನಲ್ಲಿ ಹಿಟ್ಲರನ ಕಲ್ಲಿದ್ದಲು ಮುಸೊಲಿನಿಗೆ ಹೋಯಿತು, ರೈಲುಗಟ್ಟಲೆ. ತಟಸ್ಥ ದೇಶ ಹೇಳಿಕೊಂಡು ಸುಂಕ ತೆಗೆದುಕೊಂಡು ಬಿಟ್ಟರು. ಆಮೇಲೆ ಕಾರು ಬೇಡ ಹೇಳಿದ ದೇಶದಲ್ಲೇ 1980ರಲ್ಲಿ ಅದೇ ಗಾಟ್‌ಹಾರ್ಡ್ ಗುಡ್ಡದಲ್ಲಿ 16.9 ಕಿ.ಮೀ. ರಸ್ತೆ ಸುರಂಗ ತೆರೆದರು. ಈಸ್ಟರಿಗೆ ಅದರ ಬಾಯಲ್ಲಿ ಮೈಲುಗಟ್ಟಲೆ ಕಾರು ನಿಲ್ಲುತ್ತದೆ. 2001ರ ಅಕ್ಟೋಬರ್‌ನಲ್ಲಿ ಒಳಗೆ ಎರಡು ಲಾರಿ ಡಿಕ್ಕಿಯಾಗಿ ಬೆಂಕಿ ಹತ್ತಿ 11 ಜನ ಸತ್ತರು. ಎಲ್ಲವೂ ರೈಲಿನಲ್ಲಿ ಹೋಗುವ ಊರು ಅಲ್ಲ ಅದು.

ಹಿಸ್ಟರಿಮೇಷ್ಟ್ರು

ಕಲ್ಲಿದ್ದಲಿನ ಮಾತು ಒಪ್ಪಲೇಬೇಕು. ಆ ಸುರಂಗ ಎರಡೂ ಕಡೆಯವರಿಗೆ ಬೇಕಾದ್ದರಿಂದಲೇ ತಮ್ಮ ಮೇಲೆ ಯಾರೂ ಕೈ ಹಾಕಲ್ಲ ಎಂಬ ಲೆಕ್ಕಾಚಾರವೂ ಅಲ್ಲಿತ್ತು.

ಲಾರಿ ವಿಷಯಕ್ಕೆ ಬಂದರೆ: ಸುರಂಗದ ಬಾಯಿಯ ಊರಿ ಕ್ಯಾಂಟನ್ನಿನ ಜನವೇ ಹೊಗೆ ಕುಡಿದು ಸಾಕಾಗಿ, ದೇಶ ದಾಟುವ ಸರಕು ರೈಲಿನಲ್ಲೇ ಹೋಗಲಿ ಎಂದು ಸಹಿ ಕೂಡಿಸಿದರು. ಸರ್ಕಾರ ಬೇಡ ಎಂದಿತ್ತು. 1994ರಲ್ಲಿ ಸುಮಾರು 52% ಮತದಿಂದ ಗೆದ್ದಿತು. ಆಮೇಲೆ ಲಾರಿಯ ತೂಕ, ದೂರ, ಹೊಗೆ ಮೂರನ್ನೂ ಅಳೆದು ತೆರಿಗೆ ಹಾಕಿ, ಆ ದುಡ್ಡಿನ ದೊಡ್ಡ ಪಾಲನ್ನು ಹೊಸ ರೈಲು ಸುರಂಗಕ್ಕೆ ಸುರಿದರು. ವರ್ಷಕ್ಕೆ ಆರೂವರೆ ಲಕ್ಷ ಲಾರಿಗೆ ಇಳಿಸಬೇಕು ಎಂಬ ಗುರಿ ಮಾತ್ರ ಮುಟ್ಟಿಲ್ಲ.

ಗ್ಯಾಂಗ್‌ಮನ್‌ಮಗ

ಆ ಹೊಸ ಸುರಂಗದಾಗ (57 ಕಿ.ಮೀ., 2016ರಾಗ ತೆರದ್ರು) ಸತ್ತವ್ರು ಒಂಬತ್ತು ಮಂದಿ. ಮೊದಲಿನದಕ್ಕ ಇನ್ನೂರು. ನಾ ಇದನ್ನ ಮೊದಲ ನೋಡ್ತೇನಿ.

ಹಳೇಟೋಕನ್

ಎಲ್ಲಾ ಸರಿ, ನನ್ನ ಪ್ರಶ್ನೆ ಇನ್ನೂ ಹಾಗೇ ಇದೆ. ಎಲ್ಲಾ ಗಾಡಿ ಒಂದೇ ಹೊತ್ತಿಗೆ ಸೇರೋದು ಯಾರ ತಲೆ?

ಹಾಸನ_ಟು_ವಿಂಟರ್‌ಥೂರ್

ಅದಕ್ಕೇ ಬರ್ತಿದ್ದೆ ಸರ್. 70ರ ದಶಕದಲ್ಲಿ ಕಾರು ಹೆಚ್ಚಾಗಿ ರೈಲು ಸೊರಗಿತ್ತು. 1972ರ ಸುಮಾರಿಗೆ ಎಸ್‌ಬಿಬಿಯ ಕೆಲವು ಎಳೆಯ ಇಂಜಿನಿಯರುಗಳು ಕೂತು ಒಂದು ಕನಸು ಕಟ್ಟಿದರು. ತಮ್ಮ ಗುಂಪಿಗೆ ತಾವೇ ಇಟ್ಟುಕೊಂಡ ಹೆಸರು 'ತಲೆತಿರುಕರ ಕ್ಲಬ್ಬು' ಅನ್ನೋ ಅರ್ಥದ್ದು. ಅವರ ಮಾತು ಇಷ್ಟೇ: ವೇಳಾಪಟ್ಟಿಯನ್ನು ಜನ ನೆನಪಿಡಬೇಕಾದ ಗೋಜೇ ಇರಬಾರದು. ಪ್ರತಿ ಗಂಟೆಗೂ ಅದೇ ನಿಮಿಷಕ್ಕೆ ಗಾಡಿ. 1982ರ ಮೇ ತಿಂಗಳಲ್ಲಿ ಅದು ಇಡೀ ದೇಶಕ್ಕೆ ಬಂತು.

ಮುಂದಿನದು 'ರೈಲು 2000' ಯೋಜನೆ, 1987ರಲ್ಲಿ 57% ಮತದಿಂದ ಪಾಸಾಯಿತು. ದೊಡ್ಡ ಊರುಗಳ ನಡುವಿನ ಓಟ ಒಂದು ಗಂಟೆಗಿಂತ ಸ್ವಲ್ಪ ಕಮ್ಮಿ ಇದ್ದರೆ, ಎರಡೂ ಕಡೆ ಗಾಡಿಗಳು ಗಂಟೆಯ ಹೊತ್ತಿಗೆ ಸೇರಬಹುದು. ಬರ್ನ್-ಜ್ಯೂರಿಕ್ ಒಂದು ಗಂಟೆ ಮೀರ್ತಿತ್ತು. ಅದನ್ನು 56 ನಿಮಿಷಕ್ಕೆ ತರೋಕೆ ಎಷ್ಟು ಹೊಸ ಹಳಿ ಬೇಕೋ ಅಷ್ಟನ್ನೇ ಹಾಕಿದರು, 2004ರಲ್ಲಿ ಮುಗೀತು. ಇಲ್ಲಿ ಗಂಟೆಗೆ 300 ಕಿ.ಮೀ. ಓಡೋ ಲೈನ್ ಇಲ್ಲದಿರೋದಕ್ಕೆ ಇದೂ ಒಂದು ಕಾರಣ. 40 ನಿಮಿಷಕ್ಕೆ ತಲುಪಿದರೆ ಕನೆಕ್ಷನ್‌ಗೆ ಕಾಯಬೇಕು, ಲಾಭವೇನು?

ಹಳೇಟೋಕನ್

ಈಗ ಹೊಳೀತು! ನಾವು ಹಳಿ ಇದ್ದ ಹಾಗೆ ಟೈಂಟೇಬಲ್ ಬರೀತೀವಿ. ಅವರು ಮೊದಲು ಟೈಂಟೇಬಲ್ ಬರೆದು, ಅದಕ್ಕೆ ತಕ್ಕ ಹಾಗೆ ಹಳಿ ಹಾಕಿದ್ದಾರೆ. ಹಾಗಾದರೆ ಗಡಿಯಾರ ನಿಲ್ಲೋದೂ ಬೇಕಂತಲೇ?

ಹಾಸನ_ಟು_ವಿಂಟರ್‌ಥೂರ್

ಹೌದು ಸರ್. 1944ರಲ್ಲಿ ಹಾನ್ಸ್ ಹಿಲ್ಫಿಕರ್ ಅನ್ನೋ ಎಸ್‌ಬಿಬಿ ಇಂಜಿನಿಯರ್ ಮಾಡಿದ್ದು. ಕೆಂಪು ಮುಳ್ಳು ಬಂದಿದ್ದು 50ರ ದಶಕದಲ್ಲಿ, ಕೈಕೋಲಿನ ಆಕಾರ ಅಂತ ನೀವು ಅಂದ್ಕೊಂಡಿದ್ದು ಸರಿಯೇ. ಮುಖ್ಯ ಗಡಿಯಾರದಿಂದ ನಿಮಿಷಕ್ಕೊಂದು ಸಂಕೇತ ಬರುತ್ತೆ, ಅದು ಬರೋವರೆಗೂ ಕಾಯುತ್ತೆ. ಎಲ್ಲಾ ಸ್ಟೇಷನ್ನಿನ ಮುಳ್ಳೂ ಒಟ್ಟಿಗೇ ಹೊರಡಲಿ ಅಂತ.

ಹಳೇಟೋಕನ್

ಲೈನ್ ಕ್ಲಿಯರ್ ಸಿಗೋ ತನಕ ಸೆಕೆಂಡಿನ ಮುಳ್ಳನ್ನೂ ಬಿಡಲ್ಲ ಅನ್ನಿ!

ಕಡಲಬದಿಯವ

ನಾನು ಸೋತದ್ದು ಹೇಳಿ ಅಲ್ಲ. ದುಡ್ಡು ಇಲ್ಲದೆ ಇದೆಲ್ಲ ಆಗುವುದಿಲ್ಲ. ಆದರೆ ದುಡ್ಡು ಇದ್ದ ಜರ್ಮನಿಯಲ್ಲಿ ನಾನು ಎರಡು ಗಂಟೆ ಪ್ಲಾಟ್‌ಫಾರಂನಲ್ಲಿ ಕೂತದ್ದು ಉಂಟು, ಅದು ಎಂತಕ್ಕೆ ಹೇಳಿ ಈಗ ಆಲೋಚನೆ ಮಾಡ್ತಾ ಇದ್ದೇನೆ.

ಹಾಸನ_ಟು_ವಿಂಟರ್‌ಥೂರ್

ಆ ಕಡೆಯಿಂದ ತಡವಾಗಿ ಬಂದ ಗಾಡಿಯನ್ನು ಇವರು ಬಾಸೆಲ್‌ನಲ್ಲೇ ನಿಲ್ಲಿಸಿ, ಮುಂದಕ್ಕೆ ತಮ್ಮ ಗಾಡಿ ಬಿಡೋದೂ ಇದೆ. ಒಳಗಿನ ತಾಳ ತಪ್ಪಬಾರದಲ್ಲ! ಹಾಗಂತ ಇಲ್ಲೇನೂ ಕೆಡೋದಿಲ್ಲ ಅಂತಲ್ಲ. 2023ರ ಆಗಸ್ಟ್‌ನಲ್ಲಿ ಹೊಸ ಸುರಂಗದೊಳಗೆ ಗೂಡ್ಸ್ ಗಾಡಿಯ ಚಕ್ರ ಒಡೆದು ಹಳಿ ತಪ್ಪಿತು. ಅದರ ಎರಡೂ ಕೊಳವೆ (ಹೋಗೋಕೊಂದು, ಬರೋಕೊಂದು) ಪೂರ್ತಿ ತೆರೆಯೋಕೆ ಒಂದು ವರ್ಷದ ಮೇಲಾಯಿತು.

ಗ್ಯಾಂಗ್‌ಮನ್‌ಮಗ

ಹಳೇಟೋಕನ್ ಸರ್, ಮುಂದಿನ ಸಲ ಹ್ವಾದ್ರ ಐರೋಲೊಕ್ಕ ಹೋಗಿ ಬರ್ರಿ. ಸ್ಟೇಷನ್ನಿನ ಹತ್ರ ವಿನ್ಸೆಂಜೋ ವೇಲಾ ಮಾಡಿದ ಕಂಚಿನ ಫಲಕ ಐತಿ. ಸತ್ತ ಕೆಲಸಗಾರನ್ನ ಅವನ ಜೋಡಿ ಮಂದಿ ಹೊತಗೊಂಡ ಬರೂದು. ಎಶರ್ ಕಾರಂಜಿ ಕಡೆ ಚಪಾತಿ ತಿಂದೀರಿ, ಇಲ್ಲೊಂದು ಹೂವ ಇಟ್ಟ ಬರ್ರಿ.

ಹಳೇಟೋಕನ್

ಖಂಡಿತ. ಮೊಮ್ಮಗಳ ಮೊದಲ ಹುಟ್ಟುಹಬ್ಬಕ್ಕೆ ಹೋಗ್ತೀವಿ. ಆ ಉದ್ದದ ಸುರಂಗದ ಗಾಡಿ ಐರೋಲೊದಲ್ಲಿ ನಿಲ್ಲುತ್ತೇನಮ್ಮ?

ಹಾಸನ_ಟು_ವಿಂಟರ್‌ಥೂರ್

ಇಲ್ಲ ಸರ್, ಅದು ಬೆಟ್ಟದ ಅಡಿಯಲ್ಲೇ ಹೋಗಿಬಿಡುತ್ತೆ. ನೀವು ಹಳೇ ಲೈನಿನ ಗಾಡಿ ಹತ್ತಬೇಕು. ವಾಸೆನ್ ಅನ್ನೋ ಹಳ್ಳಿಯ ಹತ್ತಿರ ಹಳಿ ಗುಡ್ಡದೊಳಗೆ ಸುತ್ತು ಹೊಡೆದು ಮೇಲೇರುತ್ತೆ. ಅಲ್ಲಿನ ಬಿಳಿ ಚರ್ಚು ಮೊದಲು ತಲೆ ಮೇಲೆ, ಆಮೇಲೆ ಸಮಕ್ಕೆ, ಆಮೇಲೆ ಕಾಲ ಕೆಳಗೆ, ಹೀಗೆ ಮೂರು ಸಲ ಕಾಣುತ್ತೆ. ನಿದ್ದೆ ಮಾಡಬೇಡಿ. ನೇರ ಗಾಡಿ ಸಿಗದಿದ್ದರೆ ಆರ್ಟ್-ಗೋಲ್ಡೌನಲ್ಲಿ ಇಳಿದು ಬದಲಾಯಿಸಿ.

ಹಳೇಟೋಕನ್

ಬದಲಾಯಿಸೋಕೆ ಎಷ್ಟು ನಿಮಿಷ ಕೊಡ್ತಾರೆ? ನಮ್ಮನೆಯವರಿಗೆ ಮಂಡಿನೋವು.

ಹಾಸನ_ಟು_ವಿಂಟರ್‌ಥೂರ್

ನಾನೇ ಬರ್ತೀನಿ ಬಿಡಿ ಸರ್. ಚಪಾತಿ ನಿಮ್ಮದು.